ಉಸಿರು ಹಿಡಿದು

ಸೆಪ್ಟೆಂಬರ್ ಹದಿನೆಂಟು. ಬಿಗ್‌ಹಾರ್ನ್ ಬೆಟ್ಟದ ನೆತ್ತಿಯಲ್ಲಿ
ಆಗಲೇ ಒಂದು ಪದರ ಹಿಮ ಬಿದ್ದು ಕರಗಿದೆ.
ಟ್ರೇಲರಿನಲ್ಲಿ ತೊಂಬತ್ತಾರು ಕುರಿ, ಎರಡು ಅಂತಸ್ತು.
ಒದ್ದೆ ಉಣ್ಣೆಯ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.
ಪಕ್ಕದ ಸೀಟಿನಲ್ಲಿ ಅಪ್ಪ, ಗ್ರಾಸ್ಯೆನ್ ಉರ್ರುತಿ,
ತೊಡೆಯ ಮೇಲೆ ಬೆರೆ ಟೋಪಿ.

ಹಳದಿ ಬೋರ್ಡು: ತ್ರಿಕೋನದ ಬೆನ್ನ ಮೇಲೆ ಜಾರುವ ಲಾರಿ.
ಏಳು ಪರ್ಸೆಂಟ್. ಮುಂದಿನ ಒಂಬತ್ತು ಮೈಲಿ.

ಗುಂಡಿ ಒತ್ತುತ್ತೇನೆ.
ಎಲ್ಲೋ ಬಾನೆಟ್ಟಿನಡಿ ಹೊಗೆಯ ದಾರಿಗೆ ಕದ ಬೀಳುತ್ತದೆ.
ಮೂಗು ಹಿಡಿದರೆ ಬಾಯಿ ಬಿಡುವ ಜಾತಿಯಲ್ಲ ಈ ಡೀಸೆಲ್ಲು;
ಬಿಡಬೇಕಾದ ಉಸಿರನ್ನು ಎದೆಯಲ್ಲೇ ಅದುಮಿಕೊಂಡು ಗುಡುಗುತ್ತದೆ.
ಮುಳ್ಳು ಮೂರು ಸಾವಿರಕ್ಕೆ ಏರುತ್ತದೆ, ವೇಗ ಇಳಿಯುತ್ತದೆ.
ಹಿಂದಿನ ಭಾರ ತಳ್ಳುತ್ತದೆ, ತಳ್ಳುತ್ತದೆ,
ಆಮೇಲೆ ಸುಮ್ಮನೆ ನಮ್ಮ ಬೆನ್ನಿಗೆ ಒರಗಿಕೊಳ್ಳುತ್ತದೆ.

ನನ್ನ ಬಲಗಾಲಿಗೆ ಕೆಲಸವಿಲ್ಲ.
ಅಪ್ಪನದಕ್ಕೆ ಇದೆ.
ಅವನ ಬದಿಯಲ್ಲಿ ಪೆಡಲಿಲ್ಲ, ಬರೀ ರಬ್ಬರ್ ಮ್ಯಾಟು;
ಅದನ್ನೇ ಮೆಟ್ಟಿ ಹಿಡಿದಿದ್ದಾನೆ, ಮೊಣಕಾಲು ನಡುಗುವಷ್ಟು.

ಎಂಬತ್ತೇಳರಲ್ಲಿ ಇದೇ ಇಳಿಜಾರು. ಗುಂಡಿಯಿರಲಿಲ್ಲ.
ಪೆಡಲು ಮೊದಲು ಗಟ್ಟಿ, ಆಮೇಲೆ ಬೆಣ್ಣೆ, ಆಮೇಲೆ ಏನೂ ಇಲ್ಲ.
ಕಾಲಿಗೆ ಬುದ್ಧಿ ಹೇಳೋಣವೆಂದರೆ ಕ್ಯಾಬಿನ್ನಿನಲ್ಲಿ ಎಲ್ಲಿ ಜಾಗ?
ನಾಲ್ಕನೆಯ ತಿರುವಿನ ಜಲ್ಲಿ ದಿಬ್ಬ ಲಾರಿಯನ್ನು ಹಿಡಿದುಕೊಂಡಿತು,
ಟ್ರೇಲರನ್ನು ಹಿಡಿಯಲಿಲ್ಲ.
ಕೇಳಿದರೆ ಅಪ್ಪ ಲೆಕ್ಕ ಹೇಳುತ್ತಾನೆ: ನಲವತ್ತೊಂದು ಕುರಿ.
ಜ್ವರದ ಕುರಿಯೊಂದನ್ನು ತಬ್ಬಿ ಹಿಂದೆ ಕೂತಿದ್ದ
ಬೆನ್ಯಾತ್ ಚಿಕ್ಕಪ್ಪ ಆ ಲೆಕ್ಕದಲ್ಲಿಲ್ಲ.

ಜಲ್ಲಿ ದಿಬ್ಬ ಬಂತು, ಹೋಯಿತು.
ಅಪ್ಪ ಕಿಟಕಿಯಾಚೆ ನೋಡಲಿಲ್ಲ.
"ಐಸ್ ಕಂಡರೆ ಅದನ್ನು ಆರಿಸಿಬಿಡು,
ಹಿಂದಿನ ಗಾಲಿ ಜಾರುತ್ತೆ" ಅಂದ.
ಯಂತ್ರಗಳನ್ನು ನಂಬದ ಮನುಷ್ಯ
ಯಾವಾಗ ಓದಿಕೊಂಡನೋ ಕೈಪಿಡಿಯನ್ನು.

ಕೆಳಗೆ, ಪೆಟ್ರೋಲ್ ಬಂಕಿನ ಅಂಗಳ.
ನಾನು ಎಂಜಿನ್ ಆರಿಸುವ ಮೊದಲೇ ಇಳಿದುಬಿಟ್ಟ.
ಒಂದೊಂದೇ ಗಾಲಿಯ ಮುಂದೆ ಬಗ್ಗಿ
ಮಗುವಿನ ಹಣೆ ಮುಟ್ಟುವ ಹಾಗೆ
ಹಿಂಗೈಯಲ್ಲಿ ಮುಟ್ಟುತ್ತ ಹೋದ.
ಬೆಚ್ಚಗೂ ಇಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ.
ಕೊನೆಯ ಗಾಲಿ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದ,
ಈ ಸಲ ಅಂಗೈ ಇಟ್ಟ,
ತೆಗೆಯಲಿಲ್ಲ.

ಕಂಬಿಯ ಸಂದಿಯಿಂದ ಕುರಿಯೊಂದು ಮೂತಿ ಚಾಚಿ
ಅವನ ಟೋಪಿಯನ್ನು ಮೂಸಿತು. ತಿನ್ನಬಹುದೇ ಎಂದು ಸ್ವಲ್ಪ ಯೋಚಿಸಿತು.