ಕೋಲೂ ಮುರಿಯಬಾರದು

ಸುಆಮೆ, ಕುಮಾಸಿ. ಬೆಳಗಿನ ಏಳಕ್ಕೇ
ಎಣ್ಣೆ ಕುಡಿದ ಕೆಂಪು ಮಣ್ಣು
ಚಪ್ಪಲಿಯ ಕಾಲು ಹಿಡಿಯುತ್ತದೆ.
ಬಾಯಿ ತೆರೆದು ನಿಂತಿದೆ ವ್ಯಾನು. ಬದಿಗೆ ಇನ್ನೂ
ಯಾವುದೋ ಡಚ್ ಬೇಕರಿಯ ಹೆಸರು, ಒಂದು ಬನ್ನಿನ ಚಿತ್ರ.
ಹಿಂದೆ ಹಳದಿ ಬಣ್ಣದಲ್ಲಿ ಓಪೊಂಗ್ ಬರೆಸಿದ್ದು:
'ಸಾಲಕ್ಕೆ ನಗು ಬರುವುದಿಲ್ಲ'.

ಬೆಲ್ಟು ಕಿರುಚುತ್ತದೆ ಎಂದ, ದಿಬ್ಬ ಹತ್ತುವಾಗ,
ಹಂದಿ ಕೊಯ್ದ ಹಾಗೆ. ಬೇಗ ನೋಡು.
ಒಳಗೆ ಹನ್ನೊಂದು ಬುಟ್ಟಿ ಟೊಮೆಟೊ,
ಬಿಸಿಲಿನ ಲೆಕ್ಕ ಹಾಕುತ್ತ ಮಾಮೆ ಕೊನಾಡು.

ಬಾನೆಟ್ಟಿನ ಒಳಮೈಗೆ ಅಂಟಿಸಿದ ಚೀಟಿಯಿತ್ತು,
ಬೆಲ್ಟು ಸಾಗುವ ದಾರಿಯ ನಕ್ಷೆ.
ಓದಿದೆ. ಎರಡು ಸಲ ಓದಿದೆ.
ಚೀಟಿಯಲ್ಲಿ ಐದು ರಾಟೆ, ಎದುರಿಗೆ ಏಳು.
ಬಾನೆಟ್ಟು ಬೇರೆ ವ್ಯಾನಿನದು, ವೋಫಾ ಅಂಪೊನ್ಸಾ ನಕ್ಕರು,
ಟೋಪಿಯನ್ನು ಕೇಳಿದರೆ ತಲೆಯೊಳಗಿನ ದಾರಿ ಹೇಳೀತೇ?

ಬೆವರು ಒರೆಸಿ, ಎಡ ಮುಂಗೈಯ ಮೇಲೆ
ಬಾಲ್ ಪೆನ್ನಿನಲ್ಲಿ ನಾನೇ ಬರೆದುಕೊಂಡೆ:
ಕ್ರ್ಯಾಂಕಿನಿಂದ ಮೇಲೆ, ಡೈನಮೊಗೆ ಒಂದು ಸುತ್ತು,
ಇಳಿದು ನೀರಿನ ಪಂಪನ್ನು ಬೆನ್ನಿಂದ ಸವರಿ
ಸ್ಟಿಯರಿಂಗಿಗೆ, ಅಲ್ಲಿಂದ
ಅಲ್ಲಿಂದ ಕತ್ತಲೆ.
ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ
ಗೇಣೂ ಇಲ್ಲದ ಸಂದು.
ಮುಂಗೈಯ ಮೇಲೆ ಗೆರೆ ಅರ್ಧಕ್ಕೆ ನಿಂತಿತು.

ಟೆನ್ಷನರ್ ಎಲ್ಲಿ?
ಕಣ್ಣಲ್ಲಿ ಹುಡುಕಬೇಡ, ಎಂದರು ವೋಫಾ.
ಉಳಿದವೆಲ್ಲ ದುಡಿಯುತ್ತವೆ. ಒಂದು ದೀಪಕ್ಕೆ, ಒಂದು ನೀರಿಗೆ,
ಒಂದು ಚಕ್ರ ತಿರುಗಿಸುವವನ ತೋಳಿಗೆ.
ಏನೂ ದುಡಿಯದೆ ಸುಮ್ಮನೆ ಒರಗಿಕೊಂಡವನು ಯಾರು, ಅವನನ್ನು ಹಿಡಿ.
ಅಂಥವರು ಈ ಓಣಿಯಲ್ಲಿ ಬಹಳ, ಎಂದು ಗೊಣಗಿದ ಓಪೊಂಗ್
ವ್ಯಾನಿಗೆ ಒರಗಿಕೊಂಡೇ.

ಹುತ್ತಕ್ಕೆ ಇಳಿಸುವ ಹಾಗೆ ಕೈ ಇಳಿಸಿದೆ, ಮೊಣಕೈ ತನಕ.
ಬಿಸಿ ಕೊಳವೆ. ಬಿಟ್ಟೆ.
ಆರು ಗೀರಿನ ಹೊಟ್ಟೆ, ಹಾವಿನದೇ. ಆಚೆ
ಮಗ್ಗುಲು ಬದಲಿಸಿದ ನುಣ್ಣನೆ ಬೆನ್ನು,
ಬೆನ್ನಿಗೆ ಒತ್ತಿಕೊಂಡು, ಗೀರೇ ಇಲ್ಲದ ಒಂದು ರಾಟೆ.
ಅಂಗೈ ಊರಿ ನೂಕಿದೆ. ಕೂದಲೆಳೆಯಷ್ಟು ಸರಿದು
ಮತ್ತೆ ಬಂದು ನಿಂತಿತು, ಬೈದ ಮೇಲೂ
ಹೊಸಿಲು ದಾಟದ ನೆಂಟನ ಹಾಗೆ.
ಅದಕ್ಕೊಂದು ತೋಳು. ತೋಳಿನ ಬುಡದಲ್ಲಿ
ಕಿರುಬೆರಳ ತುದಿ ಹೊಗುವಷ್ಟು ಚೌಕ ಕುಳಿ,
ಕುಳಿಯ ತುಂಬ ಯಾವ ಯಾವ ದೇಶದ್ದೋ ಧೂಳು.

ಸಿಕ್ಕಿತು, ಎಂದೆ. ಯಾರಿಗೂ ಕೇಳಿಸಲಿಲ್ಲ.
ಪಕ್ಕದಲ್ಲಿ ಲಾರಿಯ ಚಾಸಿ ಬಡಿಯುತ್ತಿದ್ದರು.

ಉದ್ದ ಹಿಡಿಯ ಕೋಲನ್ನು ಕುಳಿಗೆ ಕೂರಿಸಿ ಎಳೆದೆ.
ಕದಲಲಿಲ್ಲ.
ಮತ್ತೆ ಎಳೆದೆ. ಕೋಲು ಬಿಲ್ಲಾಗತೊಡಗಿತು.
ಅದು ಮೊದಲೇ ಆ ಕಡೆಗೆ ಒರಗಿದೆ, ವೋಫಾ ಅಂದರು,
ಆ ಕಡೆಗೇ ಇನ್ನಷ್ಟು ನೂಕಿದರೆ ಹೇಗೆ ಬಿಟ್ಟೀತು?
ಹಾವು ಸಾಯಬಾರದು, ಮಗಳೇ, ಕೋಲೂ ಮುರಿಯಬಾರದು.

ದಿಕ್ಕು ಬದಲಿಸಿದೆ. ಮೈಯ ಭಾರ ಕೋಲಿಗೆ ಒಪ್ಪಿಸಿದೆ.
ಬಂತು ತೋಳು, ನಿಧಾನ,
ನಿದ್ದೆಯಲ್ಲಿ ಹೊರಳುವ ದನದಂತೆ.
ಅಷ್ಟು ಬಿಗಿದುಕೊಂಡಿದ್ದದ್ದು ಬರಿಯ ರಬ್ಬರಾಗಿ
ಡೈನಮೊ ಮೇಲಿಂದ ಜಾರಿತು.

ಈಗ ಕೈಬಿಡಬೇಡ. ಬಿಟ್ಟರೆ ಬೆರಳು.
ವೋಫಾರ ಬಲಗೈಯಲ್ಲಿ ಮೂರೂವರೆ ಬೆರಳು ಏಕೆಂದು
ಮೂರು ವರ್ಷದಲ್ಲಿ ನಾನು ಕೇಳಿರಲಿಲ್ಲ.
ಸ್ಪ್ರಿಂಗಿನ ಸಿಟ್ಟು ಕೋಲಿನಿಂದ ಭುಜಕ್ಕೆ,
ಭುಜದಿಂದ ಹಲ್ಲಿಗೆ ಬಂತು.
ಇಳಿಸಿದೆ, ತುಂಬಿದ ಕೊಡ ಇಳಿಸುವ ಹಾಗೆ,
ಸದ್ದಿಲ್ಲದೆ ನೆಲ ಮುಟ್ಟುವ ತನಕ.

ಹೊಸ ಬೆಲ್ಟು ಹಿಡಿದು ದಾರಿ ನೋಡಿಕೊಳ್ಳಲು ಹೋದರೆ
ಮುಂಗೈ ತುಂಬ ನೀಲಿ ಕೆಸರು.
ಇರಲಿ. ಬೆರಳಿಗೆ ನೆನಪಿತ್ತು, ಗೆರೆ ನಿಂತ ಜಾಗದಿಂದ ಆಚೆಯದೂ.

ಹಳೆಯದನ್ನು ಮಾಮೆ ಕೊನಾಡು ಎತ್ತಿಕೊಂಡಳು,
ಬಿರುಕುಗಳನ್ನು ಎಣಿಸಿದಳು, ಎಳೆದು ನೋಡಿದಳು,
ಸಡಿಲವಾಗಿದ್ದ ಬುಟ್ಟಿಯೊಂದಕ್ಕೆ ಸುತ್ತಿ ಗಂಟು ಹಾಕಿದಳು.

ಓಪೊಂಗ್ ಕೀ ತಿರುಗಿಸಿದ. ಕಿರುಚಾಟವಿಲ್ಲ.
ಕಿವಿಗೊಟ್ಟು ಇನ್ನೂ ಸ್ವಲ್ಪ ಹೊತ್ತು ಕಾದ,
ಕಿರುಚಿದ್ದರೆ ಚೆನ್ನಾಗಿತ್ತು ಎನ್ನುವವನ ಹಾಗೆ.
ಅರ್ಧ ದುಡ್ಡು ಕೊಟ್ಟ. ಉಳಿದದ್ದು ಶುಕ್ರವಾರ.

ವ್ಯಾನು ಬೆನ್ನು ತಿರುಗಿಸಿ ಹೊರಟಿತು.
ಹಿಂದಿನ ಬರಹ ಓದಿಕೊಂಡು
ವೋಫಾ ಬಹಳ ಹೊತ್ತು ನಕ್ಕರು.