ಉಬ್ಬಕ್ಷರ

"ಇದು ರಸ್ತೆಗೆ ನಡೆಯುತ್ತಾ?"
ಬಂದವರು ಮೊದಲು ಕೇಳುವುದು ಇದನ್ನೇ.
ಬೆಲೆ ಆಮೇಲೆ.

ವೇಲ್ಸ್‌ನ ನೀತ್ ಊರಲ್ಲಿ, ರೈಲು ಕಮಾನಿನ ಕೆಳಗೆ ನನ್ನ ಅಂಗಡಿ.
ಮೇಲೆ ಕಾರ್ಡಿಫ್ ಗಾಡಿ ಹೋದಾಗ
ಮೊಳೆಗೆ ತೂಗಿದ ತಗಡುಗಳು ಹಲ್ಲು ಕಟಕಟಿಸುತ್ತವೆ.
ಒತ್ತುವ ಯಂತ್ರ ನನಗಿಂತ ಹದಿನೇಳು ವರ್ಷ ದೊಡ್ಡದು;
ಅದರ ಹಿಡಿ ಎಳೆದೆಳೆದು
ನನ್ನ ಬಲತೋಳು ಎಡತೋಳಿಗೆ ಅಣ್ಣನಾಗಿದೆ.

ನಡೆಯುತ್ತದೆ, ಅನ್ನುತ್ತೇನೆ. ಆದರೆ
ಎತ್ತರ ಎಪ್ಪತ್ತೊಂಬತ್ತು ಮಿಲಿಮೀಟರ್, ಗೆರೆ ಹದಿನಾಲ್ಕು,
ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಹನ್ನೊಂದು.
ಕೂದಲೆಳೆಯಷ್ಟೂ ಸರಿಯುವ ಹಾಗಿಲ್ಲ.
ಮುಂದೆ ಬಿಳಿ, ಹಿಂದೆ ಹಳದಿ.
ಕಪ್ಪು ಅಂದರೆ ಕಪ್ಪೇ, ಅದಕ್ಕೆ ನೆರಳಿರಕೂಡದು.
ಅಡಿಯಲ್ಲಿ ಸಣ್ಣಗೆ ನನ್ನ ಅಂಗಡಿಯ ಹೆಸರು,
ತಪ್ಪಿದರೆ ಯಾರ ಬಾಗಿಲು ಬಡಿಯಬೇಕೆಂದು ಗೊತ್ತಿರಲಿ.

ಹುಡುಗರಿಗೆ ಇದೆಲ್ಲ ಸಪ್ಪೆ.
ಒಬ್ಬನಿಗೆ ಅಕ್ಷರ ಗಾಳಿಗೆ ವಾಲಿದಂತಿರಬೇಕು.
ಇನ್ನೊಬ್ಬ, ನಾಳೆ ಮದುವೆ, ಸಂದುಗಳನ್ನೆಲ್ಲ ಕಿತ್ತು
ಹುಡುಗಿಯ ಹೆಸರು ಓದುವ ಹಾಗೆ ಮಾಡಿಕೊಡು ಅಂದ.
ಮಂಚದ ತಲೆಗೆ ಹಾಕಿಕೊ, ಕಾರಿಗೆ ಬೇಡ, ಅಂದೆ.

ನೆರಿಸ್ ಪ್ರೋಬರ್ಟ್ ಬಂದದ್ದು ಮಾರ್ಚಿನ ಆಲಿಕಲ್ಲಲ್ಲಿ.
ಕಾಗದ ಸರಿಯಿತ್ತು. ಉಬ್ಬಿದ್ದೇ ಬೇಕು, ಅಂದಳು.
ಎಪ್ಪತ್ತರಲ್ಲಿ ಶೋಕಿಯಾ, ನಕ್ಕೆ.
ಬಾಗಿಲಲ್ಲಿ ನಿಂತ ಗಂಡನನ್ನು ತೋರಿಸಿದಳು.
ನಗು ಎಲ್ಲಿಡಲಿ ಎಂದು ತಿಳಿಯಲಿಲ್ಲ.

ಇಡ್ರಿಸ್ ಮೂವತ್ತು ವರ್ಷ ಬ್ರೆಡ್ ವ್ಯಾನ್ ಓಡಿಸಿದವನು.
ಇಲ್ಲಿ ಚಾಲಕನ ಕಣ್ಣಿಗೆ ಮೊದಲ ಪರೀಕ್ಷೆ:
ಇಪ್ಪತ್ತು ಮೀಟರ್ ಆಚೆಯ ನಂಬರ್ ಪ್ಲೇಟ್ ಓದು.
ಓಣಿಯಲ್ಲಿ ಹೆಜ್ಜೆ ಎಣಿಸಿ ನಿಂತು, ದಿನವೂ,
ನಮ್ಮ ಕಾರಿನದನ್ನು ತಪ್ಪಿಲ್ಲದೆ ಓದುತ್ತಿದ್ದೆ, ಅಂದ.
"ಬಾಯಿಪಾಠ ಇತ್ತಲ್ಲ."
ಒಂದು ದಿನ ನೆರಿಸ್, ಮಾತಿಲ್ಲದೆ,
ಪಕ್ಕದ ಮನೆಯ ಕಾರನ್ನು ಅಲ್ಲಿ ತಂದು ನಿಲ್ಲಿಸಿದಳು.
ಅವನು ಅದೇ ಹಳೆಯ ನಂಬರನ್ನು ಸ್ಪಷ್ಟವಾಗಿ ಓದಿದ.

ಈಗ ಅವಳು ಅಂಗಡಿಯಲ್ಲಿ ದುಡ್ಡು ಕೊಡುವಾಗ
ಇವನು ಮುಂದಾಗಿ ಕಾರಿನತ್ತ ಹೋಗಬೇಕು, ಒಬ್ಬನೇ.
ಹೋದ ವಾರ ಯಾರದೋ ಕಾರಿನ ಬಾಗಿಲು ಜಗ್ಗಿದನಂತೆ,
ಒಳಗೆ ಮಗುವಿಗೆ ಹಾಲೂಡಿಸುತ್ತಿದ್ದವಳು ಚೀರಿದಳಂತೆ.

ಒತ್ತಿ ಕೊಟ್ಟೆ. ಆರಿದ ಮೇಲೆ ಬೆರಳಿಟ್ಟ:
ಸಿ, ಪಿ, ಆರು, ಏಳು... ಪೂರ್ತಿ ಓದಿದ.
ಕಾನೂನಿನ ಪುಸ್ತಕದಲ್ಲಿ ಇಪ್ಪತ್ತು ಮೀಟರ್ ಇದೆ,
ಸೊನ್ನೆ ಮೀಟರಿನಿಂದ ಓದುವವನ ಬಗ್ಗೆ ಒಂದು ಸಾಲೂ ಇಲ್ಲ.

ಮೂರು ವರ್ಷಕ್ಕೆ ನೆರಿಸ್ ಮತ್ತೆ ಬಂದಳು.
ವಾರ್ಷಿಕ ತಪಾಸಣೆಯಲ್ಲಿ ಕಾರು ಫೇಲು.
ಬ್ರೇಕ್ ಸರಿ, ದೀಪ ಸರಿ,
ಹಿಂದಿನ ಪ್ಲೇಟಿನಲ್ಲಿ ಆರರ ಕಪ್ಪು ಹೋಗಿ
ಬೋಳು ಲೋಹ ಹೊಳೆಯುತ್ತಿತ್ತು,
ಕ್ಯಾಮೆರಾಕ್ಕೆ ಅದು ಆರೂ ಅಲ್ಲ, ಎಂಟೂ ಅಲ್ಲ.
ಉಳಿದವೆಲ್ಲ ನಿನ್ನೆ ಒತ್ತಿದ ಹಾಗೆ.

"ಆರು ಸಿಕ್ಕಿದರೆ ಸಾಕು, ನಮ್ಮದೇ ಅಂತ ಗೊತ್ತಾಗುತ್ತೆ,"
ಇಡ್ರಿಸ್ ತಪ್ಪೊಪ್ಪಿಕೊಂಡ,
"ಮುಂದೆ ಓದೋದೇ ಇಲ್ಲ."

ಹೊಸದು ಒತ್ತಿದೆ. ದುಡ್ಡು ಪೂರ್ತಿ ತೆಗೆದುಕೊಂಡೆ.
ಬೆರಳಿಂದ ಮುಟ್ಟಬೇಡ ಅನ್ನಲು ಬಾಯಿ ತೆರೆದು
ಒಂದು ಬಿಸ್ಕತ್ತು ಹಾಕಿಕೊಂಡೆ.
ಅವನೇ ಉಪಾಯ ಹೇಳಿದ:
ಏಳು ಅಕ್ಷರ, ಏಳು ದಿನ,
ಸೋಮವಾರ ಸಿ, ಮಂಗಳವಾರ ಪಿ, ಹೀಗೆ ಸರದಿ ಹಚ್ಚುತ್ತೇನೆ;
ಭಾನುವಾರ ಅಂಗಡಿಗಳು ಬೇಗ ಮುಚ್ಚುತ್ತವೆ,
ಕೊನೆಯ ಅಕ್ಷರ ಸ್ವಲ್ಪ ಹೆಚ್ಚು ಬಾಳೀತು.