ಎದ್ದು ನಿಂತ ನೀರು

ಪೆನ್ಷನ್ ಮೊಹಲ್ಲಾದ ಆ ಬಾಡಿಗೆ ಕೋಣೆಗೆ
ಕಿಟಕಿ ಒಂದೇ, ಅದೂ ಹಿತ್ತಲ ಕಡೆಗೆ.
ಹತ್ತೊಂಬತ್ತು ನನಗೆ. ಟಿ.ಸಿ.ಎಚ್. ಎರಡನೇ ವರ್ಷ.
ಮನಶ್ಶಾಸ್ತ್ರದ ರೆಕಾರ್ಡಿಗೆ ಒಂದು ಮಗು ಬೇಕಿತ್ತು.
ಮನೆಯೊಡತಿ ನೂರುನ್ನೀಸಾ ತನ್ನ ಕಿರಿಯವಳನ್ನು
ತುಂಬಿದ ಕೊಡ ಇಳಿಸುವ ಹಾಗೆ ತಂದು ಕೂರಿಸಿದಳು:
"ತಗೊಳ್ಳಿ, ಏನು ಬೇಕಾದ್ರೂ ಕೇಳಿ,
ಹೊಡೀಬೇಡಿ ಅಷ್ಟೆ."

ಸ್ಟೀಲು ಲೋಟ ಎರಡು, ಅವಳಿ.
ಎರಡರಲ್ಲೂ ನೀರು, ಕತ್ತಿನ ಗೆರೆಗೆ ಸರಿಯಾಗಿ.
ಸಮವಾ?
ಸಮ, ಎಂದಳು ಮುಬೀನಾ,
ಐದು ವರ್ಷದ ಗಾಂಭೀರ್ಯದಲ್ಲಿ ಬಗ್ಗಿ ನೋಡಿ.
ಒಂದನ್ನು ಎತ್ತರದ ಗಾಜಿನ ಲೋಟಕ್ಕೆ ಸುರಿದೆ.
ಈಗ?
ತಡ ಮಾಡಲಿಲ್ಲ. ಬೆರಳು ಗಾಜಿನತ್ತ.
"ಇದ್ರಲ್ಲಿ ಜಾಸ್ತಿ."
ಯಾಕೆ?
"ಇದು ಎದ್ದು ನಿಂತಿದೆ. ಅದು ಕೂತಿದೆ."

ಅವಳ ಮಾತನ್ನು ಹಾಗೇ ಇಳಿಸಿ, ಕೆಳಗೆ ದುಂಡಗೆ ಬರೆದೆ:
ಉತ್ತರ ತಪ್ಪು. ಮಗು ಇನ್ನೂ ಕಾರ್ಯಪೂರ್ವ ಹಂತದಲ್ಲಿದೆ.
ಶಾಂತವೀರಪ್ಪ ಮೇಷ್ಟ್ರು ಇಪ್ಪತ್ತಕ್ಕೆ ಹದಿನೆಂಟು ಕೊಟ್ಟರು;
'ತಪ್ಪು' ಎಂಬ ಪದದ ನೆತ್ತಿಗೆ
ಕೆಂಪು ಶಾಯಿಯ ಒಂದು ಪ್ರಶ್ನೆ ಚಿಹ್ನೆ.
ಕಾಗುಣಿತ ಸರಿಯಾಗಿಯೇ ಇದೆಯಲ್ಲ, ಅಂದುಕೊಂಡೆ.

ಮರು ವರ್ಷವೋ, ಅದರ ಮರು ವರ್ಷವೋ
ಅಂಕಪಟ್ಟಿಗೆಂದು ಹಾಸನಕ್ಕೆ ಬಂದವಳು
ಅವರ ಮನೆಗೂ ಹೋದೆ. ಅದೇ ಲೋಟ, ಅದೇ ಆಟ.
ಮುಂದಿನ ಎರಡು ಹಲ್ಲಿಲ್ಲದ ಬಾಯಲ್ಲಿ ನಕ್ಕಳು:
"ನೀರು ಅಷ್ಟೇ ಅಲ್ವಾ ಟೀಚರಕ್ಕ,
ನೀವು ಲೋಟ ಬದಲಾಯ್ಸಿದ್ರಿ."
ಸಂತೋಷಪಡಬೇಕಿತ್ತು.
ಬಸ್ಸಲ್ಲಿ ಕೂತಾಗ, ಯಾಕೋ,
ಯಾರೋ ಊರು ಬಿಟ್ಟು ಹೋದ ಹಾಗಿತ್ತು.

ಆಮೇಲೆ ಆ ಮಾತನ್ನೇ ಸೆರಗಿಗೆ ಗಂಟು ಹಾಕಿಕೊಂಡೆ.
ಚನ್ನರಾಯಪಟ್ಟಣದ ಮನೆಗೆ ನನ್ನನ್ನು ಸುರಿದರು:
ನೀರು ಅಷ್ಟೇ, ಲೋಟ ಬೇರೆ.
ಮಗಳು ಹುಟ್ಟಿದಳು, ದುದ್ದಕ್ಕೆ ವರ್ಗವಾಯಿತು,
ಗಂಡ ಮಾತು ಬಿಟ್ಟ, ಎರಡು ವರ್ಷ ಕಳೆದು ಮತ್ತೆ ಆಡಿದ:
ನೀರು ಅಷ್ಟೇ.
ನಲವತ್ತೊಂದರಲ್ಲಿ ಒಂದು ಬೆಳಿಗ್ಗೆ
ಹಾಜರಿ ಪುಸ್ತಕದಲ್ಲಿ ರುಜು ಹಾಕಿ ನೋಡುತ್ತೇನೆ,
ಸರ್ವಮಂಗಳ ಎಂಬ ಐದಕ್ಷರದಲ್ಲಿ
'ಸ' ಒಂದಿದೆ, ಮುಂದೆ ಬರೀ ಗೀಟು.
ಉಳಿದ ನಾಲ್ಕು ಯಾವಾಗ ಹೋದವು?
ಯಾರೂ ಕದ್ದಿಲ್ಲ.
ಸುರಿಯುವಾಗ ಪ್ರತಿ ಸಲ ಒಂದೆರಡು ಹನಿ
ಹಳೆಯ ಲೋಟದ ಗೋಡೆಗೇ ಅಂಟಿಕೊಳ್ಳುತ್ತವೆ.
ಇದು ಯಾವ ಪಾಠದಲ್ಲೂ ಇರಲಿಲ್ಲ.
ಹೊಸ ಲೋಟದ ತಳದಲ್ಲೂ ಮುಂಚೆ ಕುಡಿದವರ ರುಚಿ
ಸ್ವಲ್ಪ ಇದ್ದೇ ಇರುತ್ತದೆ; ಅತ್ತೆಯ ಹುಸಿಗೆಮ್ಮು
ನನ್ನ ಗಂಟಲಿಗೆ ಬಂದದ್ದು ಹಾಗೆಯೇ.

ಹೋದ ಕಾರ್ತಿಕದಲ್ಲಿ, ಮಹಾರಾಜ ಪಾರ್ಕಿನ ಹತ್ತಿರದ ಹೋಟೆಲಲ್ಲಿ
ಮೇಷ್ಟ್ರು ಸಿಕ್ಕರು. ಎಂಬತ್ತಾರಂತೆ.
ಸೊಸೆಗೆ ಔಷಧಿ ಅಂಗಡಿಯ ಅವಸರ:
"ಸ್ವಲ್ಪ ನೋಡ್ಕೊಳ್ತೀರಾ, ಇವ್ರಿಗೆ ಈಗೀಗ ಎಲ್ಲ ಕಲಸಿಹೋಗುತ್ತೆ."
ನನ್ನ ಗುರುತು ಹತ್ತಲಿಲ್ಲ.
ಹೆಸರು ಹೇಳಿದೆ, ಐದಕ್ಷರವೂ.
ಬೈಟು ಕಾಫಿ ಬಂತು: ಒಂದು ಗಿಡ್ಡ ಸ್ಟೀಲು ಲೋಟ,
ಇನ್ನೊಂದು, ತೊಳೆದದ್ದು ಸಾಲದೆ,
ಜ್ಯೂಸು ಕೊಡುವ ಉದ್ದ ಗಾಜು.

ಮೇಷ್ಟ್ರು ಎರಡನ್ನೂ ಬಗ್ಗಿ ನೋಡಿದರು.
ಗಾಜಿನದನ್ನು ಎರಡೂ ಕೈಯಲ್ಲಿ ತಮ್ಮತ್ತ ಎಳೆದುಕೊಂಡು,
"ಇದ್ರಲ್ಲಿ ಜಾಸ್ತಿ."
ಯಾಕೆ ಸರ್?
"ಎದ್ದು ನಿಂತಿದೆಯಲ್ಲ."

ಅವರ ಕಣ್ಣು ನೋಡಿದೆ. ನಗುವೋ, ಬರೀ ಹಬೆಯ ಮಿನುಗೋ.
ಮೂವತ್ತೇಳು ವರ್ಷದ ಹಿಂದೆ ಓದಿದ ಒಂದು ಸಾಲು
ಅಲ್ಲೆಲ್ಲೋ ಗೋಡೆಗೆ ಅಂಟಿಕೊಂಡಿತ್ತೋ,
ಇಲ್ಲಾ ಐದು ವರ್ಷದವರಾಗಿ
ಈಗಷ್ಟೇ ಹೊಸದಾಗಿ ಕಂಡರೋ.
ಹಂತದ ಹೆಸರು ಬಾಯಿಗೆ ಬಂದಿತ್ತು. ನುಂಗಿದೆ.

ಹೌದು ಸರ್, ಅದರಲ್ಲೇ ಜಾಸ್ತಿ, ಎಂದೆ.
ಮೀಸೆಗೆ ನೊರೆ ಹತ್ತಿಸಿಕೊಂಡು
ಅವರು ಕುಡಿಯುತ್ತಲೇ ಇದ್ದರು.
ಕೂತ ಲೋಟದಲ್ಲಿ
ನನ್ನ ಪಾಲು ಆರುತ್ತಿತ್ತು.